ಬಿರುಕು ಬಿಟ್ಟ ಗ್ಯಾಸ್ ಪೈಪೆಲ್ಲ ಸಿಡಿಯುತ್ತದೆಯೇ? ಒಂದು ಸ್ಪಷ್ಟನೆ

‘ಉಕ್ಕಿನ ಗ್ಯಾಸ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಿಡಿಯುವುದು ಗ್ಯಾರಂಟಿ’ ಎಂಬ ಸಂದೇಶ ಮಡಿಕೇರಿ, ಕುಶಾಲನಗರದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಅದು ತಪ್ಪು. ಬಿರುಕಿನ ಆಳ, ಉದ್ದ, ಒಳಗಿನ ಒತ್ತಡ, ಬಿರುಕು ಬೆಳೆಯದಂತೆ ತಡೆಯುವ ಉಕ್ಕಿನ ಶಕ್ತಿ, ಇಷ್ಟನ್ನೂ ಸೇರಿಸಿ ಪೈಪು ತಾಳುತ್ತದೆಯೇ ಎಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ. ಬ್ರಿಟನ್ನಿನ ಬಿಎಸ್ 7910, ಅಮೆರಿಕದ ಎಪಿಐ 579 ಮಾನದಂಡಗಳಲ್ಲಿ ಈ ಲೆಕ್ಕದ ದಾರಿಯಿದೆ. ಆಳ ಜಾಸ್ತಿಯಾದರೆ ಒತ್ತಡ ಇಳಿಸಬೇಕು, ಇಲ್ಲವೇ ಪೈಪಿನ ಆ ತುಂಡನ್ನೇ ಬದಲಿಸಬೇಕು.

ಹಾಗಂತ ಸುಮ್ನೆ ಕೂರುವಂತಿಲ್ಲ. 1965ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ಬಿರುಕಿನಿಂದಲೇ ಗ್ಯಾಸ್ ಪೈಪು ಒಡೆದು 17 ಜನ ಸತ್ತರು.

2018ರ ಕೊಡಗಿನ ಭೂಕುಸಿತ ಕಂಡವರು ನಾವು, ಅಲ್ವಾ? ಮಣ್ಣು ಜಾರಿದರೆ ಹೂತಿಟ್ಟ ಪೈಪು ಬಾಗುತ್ತದೆ. ಆ ಎಳೆತ ಪೈಪಿನ ಸುತ್ತ ಅಡ್ಡಲಾಗಿರುವ ಬಿರುಕಿನ ಬಾಯಿ ತೆರೆಸುತ್ತದೆ. ಇಂಥ ಗುಡ್ಡದಲ್ಲಿ ಒಳಗಿನ ಒತ್ತಡದ ಲೆಕ್ಕವೊಂದೇ ಸಾಲದು.