ಉಷ್ಣಾಂಶ: ಮೇಲಿನಂತೆ

ಮನೆಯ ಇ-ಸ್ವತ್ತು ಖಾತೆಗಾಗಿ, ಅಂದರೆ ನಮೂನೆ 9 ಎಂಬ ಪರಮಪದಕ್ಕಾಗಿ, ನಮ್ಮೂರಿನ ಗ್ರಾಮ ಪಂಚಾಯಿತಿ ಕಚೇರಿಗೆ ಹೋದದ್ದು ಇದು ನಾಲ್ಕನೆಯ ಸಲ. ಸರ್ವರ್ ಇರಲಿಲ್ಲ. ಸರ್ವರ್ ಇದ್ದ ದಿನ ಕರೆಂಟ್ ಇರುವುದಿಲ್ಲ, ಎರಡೂ ಇದ್ದ ದಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಇರುವುದಿಲ್ಲ, ಮೂರೂ ಕೂಡಿಬಂದ ದಿನ ನನಗೆ ಜ್ವರ ಬಂದಿರುತ್ತದೆ. ಬಿಲ್ ಕಲೆಕ್ಟರ್ ತಲೆ ಎತ್ತದೆ ಒಂದು ರಿಜಿಸ್ಟರನ್ನು ನನ್ನತ್ತ ತಳ್ಳಿ, ‘ಬಂದವರೆಲ್ಲ ಬರೆಯಬೇಕು’ ಎಂದರು. ಹೆಸರು, ಊರು, ಬಂದ ಉದ್ದೇಶ, ಸಹಿ. ಉದ್ದೇಶಕ್ಕೂ ಸಹಿಗೂ ನಡುವೆ ಕೆಂಪು ಶಾಯಿಯಲ್ಲಿ ಗೆರೆ ಎಳೆದ ಇನ್ನೊಂದು ಕಾಲಂ ಇತ್ತು: ಉಷ್ಣಾಂಶ.

ಕೊರೊನಾ ಕಾಲದ ರಿಜಿಸ್ಟರು. ಇನ್ನೂ ಅರ್ಧದಷ್ಟು ಹಾಳೆ ಖಾಲಿ ಉಳಿದಿದೆ. ಸರ್ಕಾರದ ಕಾಗದ ಮುಗಿಯುವ ತನಕ ಸಾಂಕ್ರಾಮಿಕವೂ ಮುಗಿಯುವಂತಿಲ್ಲ. ಬಿಲ್ ಕಲೆಕ್ಟರ್ ಆಡಿಟ್ ಆಕ್ಷೇಪಣೆಯೊಂದಕ್ಕೆ ಉತ್ತರ ಬರೆಯುವುದರಲ್ಲಿ ಮುಳುಗಿದ್ದರು. ನನಗೆ ಬೇರೆ ಕೆಲಸವಿರಲಿಲ್ಲ. ಹಾಳೆಗಳನ್ನು ಹಿಂದಕ್ಕೆ ಮಗುಚುತ್ತ ಹೋದೆ.

ಮೊದಲ ಹಾಳೆ, 2020ರ ಏಪ್ರಿಲ್. ಮೊದಲ ಸಾಲಿನ ಉಷ್ಣಾಂಶ 97.8. ಎರಡನೆಯ ಸಾಲಿನಲ್ಲಿ ‘ಮೇಲಿನಂತೆ’. ಮೂರನೆಯದರಲ್ಲೂ ಮೇಲಿನಂತೆ. ಮುಂದಿನ ಹಾಳೆ, ಅದರ ಮುಂದಿನ ಹಾಳೆ, ಹೆಂಗಸರು, ಗಂಡಸರು, ಪಿಂಚಣಿ ಕೇಳಲು ಬಂದ ಮುದುಕರು, ನರೇಗಾ ಕೂಲಿ ಕೇಳಲು ಬಂದ ಹುಡುಗರು, ಎಲ್ಲರದೂ ಮೇಲಿನಂತೆ. ವಿಚಾರಿಸಿದಾಗ ಕಥೆ ಗೊತ್ತಾಯಿತು. ಹಣೆಗೆ ಹಿಡಿಯುವ ಪಿಸ್ತೂಲಿನಂಥ ಆ ಯಂತ್ರ ಮೊದಲನೆಯವರಿಗೆ ಸರಿಯಾದ ಅಂಕಿಯನ್ನೇ ತೋರಿಸಿತಂತೆ. ಎರಡನೆಯವರು ಪಂಚಾಯಿತಿಯ ಮಾಜಿ ಅಧ್ಯಕ್ಷರು. ಅವರ ಹಣೆಗೆ ಹಿಡಿದಾಗ ಅಂಕಿಯ ಬದಲು ‘ಲೋ’ ಎಂದು ತೋರಿಸಿತು. ಇನ್ನೊಮ್ಮೆ ಹಿಡಿದರೆ ಮತ್ತೆ ‘ಲೋ’. ಉಷ್ಣಾಂಶ ತೀರ ಕಡಿಮೆ ಎಂದು ಇಂಗ್ಲಿಷಿನಲ್ಲಿ ಅದರ ಅರ್ಥವಿರಬಹುದು. ಆದರೆ ಎರಡು ಅವಧಿಗೆ ಊರಾಳಿದ ಹಿರಿಯರನ್ನು ನಾಲ್ಕು ಜನರ ಎದುರು ‘ಲೋ’ ಎನ್ನುವ ಯಂತ್ರವನ್ನು ಯಾವ ಪಂಚಾಯಿತಿ ತಾನೇ ಇಟ್ಟುಕೊಂಡೀತು? ಅದನ್ನು ಅಂದೇ ಬೀರುವಿನ ಮೇಲೆ ಇಟ್ಟರು. ಈಗಲೂ ಅಲ್ಲೇ ಇದೆ, ಗೋಡೆಯ ಮೇಲಿನ ಗಾಂಧೀಜಿಗೆ ಗುರಿಯಿಟ್ಟುಕೊಂಡು.

ಆ ದಿನಗಳು ನೆನಪಾದವು. ಮಾರ್ಚ್ 24ರ ರಾತ್ರಿ ಎಂಟು ಗಂಟೆಗೆ 21 ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ಮರುದಿನ ಯುಗಾದಿ. ಅದರ ಮರುದಿನ, ಹಳೆ ಮೈಸೂರಿನವರಿಗೆ ಹೇಳಬೇಕಾಗಿಲ್ಲ, ಮಾಂಸದೂಟದ ಹೊಸತೊಡಕು. ಊರಿನ ಯುವಕರು ಜಾಲಿ ಮುಳ್ಳು ಕಡಿದು ಮುಖ್ಯರಸ್ತೆಗೆ ಅಡ್ಡ ಬೇಲಿ ಹಾಕಿದರು. ರಸ್ತೆ ಮುಚ್ಚಲು ನಿಮಗೇನು ಅಧಿಕಾರ ಎಂದು ಪಂಚಾಯಿತಿ ಮೊದಲು ಗದರಿಸಿತು. ಬೇಲಿಯ ಚಿತ್ರ ಮೊಬೈಲುಗಳಲ್ಲಿ ಹರಿದಾಡಿ ಹೊಗಳಿಕೆ ಬಂದ ಮೇಲೆ, ಬೇಲಿಯ ಪಕ್ಕದಲ್ಲಿ ಪಂಚಾಯಿತಿಯದೇ ಫ್ಲೆಕ್ಸ್ ನಿಂತಿತು. ಹೊಸತೊಡಕಿನ ಕುರಿ ಮಾತ್ರ ಬೇಲಿ ದಾಟಿ ಒಳಗೆ ಬಂದಿತ್ತು. ತೋಪಿನಲ್ಲಿ ಬಾಳೆ ಎಲೆ ಹಾಸಿ ಮಾಂಸದ ಗುಡ್ಡೆಗಳನ್ನಿಟ್ಟರು. ಸರ್ಕಾರದ ಸೂಚನೆಯಂತೆ ಗುಡ್ಡೆಗಳ ನಡುವೆ ಅಂತರ ಕಾಯ್ದುಕೊಳ್ಳಲಾಗಿತ್ತು. ಸುತ್ತ ನಿಂತವರು ಮಾತ್ರ ಒಬ್ಬರ ಹೆಗಲ ಮೇಲೆ ಒಬ್ಬರು ಗದ್ದವಿಟ್ಟು ಯಾವ ಗುಡ್ಡೆಯಲ್ಲಿ ಮೂಳೆ ಹೆಚ್ಚು ಎಂದು ನೋಡುತ್ತಿದ್ದರು.

ಬೇಲಿ ಯಾರಿಗಾಗಿ ಎಂಬುದು ವಾರದೊಳಗೆ ಗೊತ್ತಾಯಿತು. ಬೆಂಗಳೂರಿಗೆ ಹೋಗಿ ಕ್ಯಾಬ್ ಓಡಿಸುತ್ತಿದ್ದ, ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಿದ್ದ ನಮ್ಮವೇ ಮಕ್ಕಳು ಗಂಟುಮೂಟೆಯೊಂದಿಗೆ ಬಂದು ಮುಳ್ಳಿನ ಆಚೆ ನಿಂತರು. ಹಿಂದಿನ ವರ್ಷ ಊರ ಹಬ್ಬಕ್ಕೆ ಆರ್ಕೆಸ್ಟ್ರಾದ ಖರ್ಚು ಕೊಟ್ಟಾಗ ಅವರು ‘ನಮ್ಮ ಹುಡುಗರು’, ಈಗ ‘ಬೆಂಗಳೂರಿನವರು’. ಅವರನ್ನು ಶಾಲೆಯ ಕೋಣೆಯಲ್ಲಿಟ್ಟರು. ಊಟ ಮನೆಯಿಂದ. ಊಟ ತಂದ ತಾಯಿ, ಬುತ್ತಿ ಹಿಡಿದ ತಂಗಿ, ಮಾತಾಡಿಸಲು ಬಂದ ಸೋದರಮಾವ ಎಲ್ಲರೂ ಜಗಲಿಯಲ್ಲಿ ಕುಳಿತು ಸಾರು ಹೇಗಿದೆ ಎಂದು ವಿಚಾರಿಸಿ, ಕತ್ತಲಾದ ಮೇಲೆ ಮನೆಗೆ ಹೋಗುತ್ತಿದ್ದರು. ಪ್ರತ್ಯೇಕವಾಸ ಎಂಬ ಪದಕ್ಕೆ ಅಷ್ಟೊಂದು ಜನ ಸೇರಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಅದಕ್ಕಿಂತ ದೊಡ್ಡ ವಿನೋದ ಸೆಲ್ಫಿಯದು. ಮನೆಯಲ್ಲೇ ಪ್ರತ್ಯೇಕವಾಗಿರುವವರು ಗಂಟೆಗೊಂದು ಸೆಲ್ಫಿ ತೆಗೆದು ಸರ್ಕಾರದ ಆ್ಯಪ್‌ಗೆ ಕಳುಹಿಸಬೇಕು ಎಂದು 2020ರ ಮಾರ್ಚ್ ಕೊನೆಯಲ್ಲಿ ರಾಜ್ಯ ಸರ್ಕಾರ ಆದೇಶಿಸಿತು. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಮಲಗಲು ವಿನಾಯಿತಿ. ಆ ಹೊತ್ತಿನಲ್ಲಿ ಓಡಿಹೋಗುವವರು ಇರಲಾರರು ಎಂಬ ನಂಬಿಕೆ. ಆದೇಶ ಬರೆದವರು ನಮ್ಮೂರಿಗೆ ಬಂದವರಲ್ಲ. ಇಲ್ಲಿ ನೆಟ್‌ವರ್ಕ್ ಸಿಗುವುದು ಬಸವಣ್ಣನ ಗುಡಿಯ ಕಟ್ಟೆಯ ಮೇಲೆ, ಅದೂ ಮೂಡಲಿಗೆ ಮುಖ ಮಾಡಿ ನಿಂತರೆ. ಹಾಗಾಗಿ, ತಾನು ಮನೆಯಲ್ಲಿ ಒಬ್ಬನೇ ಇದ್ದೇನೆ ಎಂದು ಸಾಬೀತು ಮಾಡಲು ಪ್ರತಿಯೊಬ್ಬನೂ ಗಂಟೆಗೊಮ್ಮೆ ಮನೆ ಬಿಟ್ಟು ಕಟ್ಟೆಗೆ ಬರಬೇಕಾಯಿತು. ಗುಡಿಯ ಮುಂದೆ ಒಂದು ಸಣ್ಣ ಜಾತ್ರೆ. ಕೈಯ ಹಿಂಬದಿಯಲ್ಲಿ ಅಳಿಸದ ಶಾಯಿಯ ಮುದ್ರೆ ಇದ್ದವರೆಲ್ಲ ಅಲ್ಲಿ ಗುರುತಾದರು, ಒಬ್ಬರ ಚಾರ್ಜರ್ ಇನ್ನೊಬ್ಬರಿಗಾಯಿತು. ಅಲ್ಲಿ ಪರಿಚಯವಾದ ಎರಡು ಮನೆಗಳ ನಡುವೆ ಮುಂದೆ ಸಂಬಂಧವೂ ಕುದುರಿತು. ಮದುವೆಗೆ 50 ಜನರ ಮಿತಿ ಇದ್ದುದರಿಂದ ನನ್ನನ್ನು ಕರೆಯಲಿಲ್ಲ.

‘ಸಾರ್, ನೀವು ವಿದ್ಯಾವಂತರು, ಸ್ವಲ್ಪ ಹೇಳಿ’ ಎಂದು ಬಿಲ್ ಕಲೆಕ್ಟರ್ ಆಡಿಟ್ ಹಾಳೆಯನ್ನು ನನ್ನ ಮುಂದೆ ಹಿಡಿದರು. ಬ್ಲೀಚಿಂಗ್ ಪೌಡರ್ ಖರೀದಿಯ ಬಗ್ಗೆ ಮೂರು ಆಕ್ಷೇಪಣೆ. ಒಂದು, ಮೂರು ದರಪಟ್ಟಿ ಪಡೆದಿಲ್ಲ. ಎರಡು, ದಾಸ್ತಾನು ವಹಿಯಲ್ಲಿ ನಮೂದಿಲ್ಲ. ಮೂರನೆಯದನ್ನು ಎರಡು ಸಲ ಓದಿದೆ: ಪೌಡರ್ ಸ್ವೀಕರಿಸಿದವರ ಸಹಿ ಪಡೆದಿಲ್ಲ.

ಸ್ವೀಕರಿಸಿದ್ದು ಚರಂಡಿ. ಮತ್ತು ನಮ್ಮ ಮನೆಗಳ ಮುಂದಿನ ರಸ್ತೆ. ಬೆಳಿಗ್ಗೆ ಹೆಂಗಸರು ರಂಗೋಲಿ ಹಾಕುವ ಮೊದಲೇ ಪಂಚಾಯಿತಿಯ ರಂಗೋಲಿ ಬಿದ್ದಿರುತ್ತಿತ್ತು. ಅಧ್ಯಕ್ಷರ ಮನೆಯ ಮುಂದೆ ಗೆರೆ ಬೆರಳುದ್ದ ದಪ್ಪ, ಸದಸ್ಯರ ಮನೆಯ ಮುಂದೆ ಅರ್ಧ ಬೆರಳು, ಚುನಾವಣೆಯಲ್ಲಿ ಎದುರು ಪಕ್ಷಕ್ಕೆ ದುಡಿದವರ ಮನೆಯ ಮುಂದೆ ಬರೀ ವಾಸನೆ. ನಮ್ಮ ಬೀದಿಯ ಬಲಬದಿ ನಮ್ಮ ಪಂಚಾಯಿತಿಗೆ, ಎಡಬದಿ ಪಕ್ಕದ ಪಂಚಾಯಿತಿಗೆ ಸೇರಿದೆ. ಹಾಗಾಗಿ ಗೆರೆ ಬೀದಿಯ ನಟ್ಟನಡುವೆ ಬಂದು ನಿಲ್ಲುತ್ತಿತ್ತು. ಹಿಂದೆ ಮಾರಿಯನ್ನು ಮೊರದಲ್ಲಿಟ್ಟು ತಮಟೆ ಬಾರಿಸುತ್ತ ಪಕ್ಕದೂರಿನ ಗಡಿಯಲ್ಲಿ ಬಿಟ್ಟು, ತಿರುಗಿ ನೋಡದೆ ಬರುತ್ತಿದ್ದರು. ಪಕ್ಕದೂರಿನವರು ಅದನ್ನೆತ್ತಿ ಇನ್ನೊಂದೂರಿನ ಗಡಿಗೆ. ಆಡಳಿತ ಆಧುನಿಕವಾಯಿತು ಎನ್ನುವವರು ಆ ಬಿಳಿಗೆರೆಯನ್ನು ನೋಡಬೇಕಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಪ್ಲೇಗಮ್ಮ ಹುಟ್ಟಿದಳು, 2021ರಲ್ಲಿ ಕೊಳ್ಳೇಗಾಲದ ಬಳಿಯ ಮಧುವನಹಳ್ಳಿಯಲ್ಲಿ ಕೊರೊನಾ ಮಾರಮ್ಮನಿಗೆ ಗುಡಿಯಾಯಿತು. ನಕ್ಕವರು ನಕ್ಕರು. ಆಕೆ ದರಪಟ್ಟಿ ಕೇಳಲಿಲ್ಲ ಎಂಬುದನ್ನಂತೂ ಒಪ್ಪಬೇಕು.

ಪುಡಿ ಹಾಕುತ್ತಿದ್ದವನು ವಾಟರ್‌ಮನ್. ಬರಿಗೈ. ಪ್ಲಾಸ್ಟಿಕ್ ಬಕೆಟ್ಟಿನಿಂದ ಬಿತ್ತನೆಯ ರಾಗಿ ಚೆಲ್ಲುವಂತೆ ಚೆಲ್ಲುತ್ತ ಹೋಗುತ್ತಿದ್ದ. ಬೆರಳ ಸಂದಿಗಳಲ್ಲಿ ಚರ್ಮ ಸುಲಿದಿತ್ತು. ಕೈಗವಸು ಇಲ್ಲವೇ ಎಂದು ಕೇಳಿದ್ದೆ. ‘ಬಿಲ್ಲಿನಲ್ಲಿ ಇವೆ’ ಎಂದಿದ್ದ. ಮುಂದೆ ಟ್ರ್ಯಾಕ್ಟರಿಗೆ ಔಷಧಿ ಹೊಡೆಯುವ ಟ್ಯಾಂಕ್ ಕಟ್ಟಿ ಹೈಪೊಕ್ಲೋರೈಟ್ ಸಿಂಪಡಿಸಿದರು. ಗೋಡೆಗೆ ಹೊಡೆದರು, ಮರಕ್ಕೆ ಹೊಡೆದರು, ಸಂತೆಯಿಂದ ಬಂದವರನ್ನು ನಿಲ್ಲಿಸಿ ಮೈಮೇಲೂ ಹೊಡೆದರು. ಮನುಷ್ಯರ ಮೇಲೆ ಸಿಂಪಡಿಸಬೇಡಿ, ಪ್ರಯೋಜನವಿಲ್ಲ, ಹಾನಿಯಿದೆ ಎಂದು ಕೇಂದ್ರದ ಆರೋಗ್ಯ ಸಚಿವಾಲಯ ಏಪ್ರಿಲ್ 18ರಂದೇ ಹೇಳಿತ್ತು. ಆದರೆ ಡ್ರಮ್ ಅದಾಗಲೇ ಬಂದಿತ್ತಲ್ಲ.

ಇಷ್ಟರಲ್ಲಿ ಪಂಚಾಯಿತಿಯೇ ಇಲ್ಲವಾಯಿತು. 2020ರ ನಡುವಿನಲ್ಲಿ ರಾಜ್ಯದ ಬಹುಪಾಲು ಗ್ರಾಮ ಪಂಚಾಯಿತಿಗಳ ಅವಧಿ ಮುಗಿಯಿತು. ಸಾಂಕ್ರಾಮಿಕವಿದೆ ಎಂದು ಚುನಾವಣೆ ಮುಂದೆ ಹೋಯಿತು, ಆಡಳಿತಾಧಿಕಾರಿಗಳು ಬಂದರು. ಸಾಂಕ್ರಾಮಿಕವನ್ನು ಎದುರಿಸಬೇಕಾದ ಸದಸ್ಯರು ಸಾಂಕ್ರಾಮಿಕದ ಕಾರಣಕ್ಕೆ ಇಲ್ಲದಂತಾದದ್ದು ನಮ್ಮೂರಿನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಹೊರಗಿನವರು ಇದನ್ನು ಟೀಕೆ ಎಂದುಕೊಳ್ಳಬಾರದು; ಇದ್ದಾಗಲೂ ಗೊತ್ತಾಗುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಚುನಾವಣೆ ನಡೆಯಿತು, 22ಕ್ಕೆ ಮೊದಲ ಹಂತ, 27ಕ್ಕೆ ಎರಡನೆಯದು. ನಮ್ಮದು ಎರಡನೆಯ ಹಂತ. 23ರಂದು ಬೆಂಗಳೂರಿನಿಂದ ಸುದ್ದಿ ಬಂತು, ಇಂದು ರಾತ್ರಿ 10ರಿಂದಲೇ ಕರ್ಫ್ಯೂ. ತಮಟೆಯವನನ್ನು ಕರೆಸಿ ಸಾರಿಸಿದರು. ಅವನು ಕೆರೆ ಏರಿಯ ತನಕ ಹೋಗಿ ಬರುವಷ್ಟರಲ್ಲಿ, ಇಂದಲ್ಲ ನಾಳೆ, 10ಕ್ಕಲ್ಲ 11ಕ್ಕೆ ಎಂದಾಯಿತು. ಮತ್ತೆ ಸಾರಿದ. 24ರ ಸಂಜೆ, ಕರ್ಫ್ಯೂ ಶುರುವಾಗುವ ಮೊದಲೇ ಅದನ್ನು ಹಿಂದಕ್ಕೆ ಪಡೆದರು. ಮೂರನೆಯ ಸಲ ಅವನು ಬಂದಾಗ ಜನ ಮನೆಯಿಂದ ಹೊರಗೆ ಬಂದು ನಿಂತಿದ್ದರು, ಸುದ್ದಿ ಕೇಳಲಿಕ್ಕಲ್ಲ, ಈ ಸಲ ಏನು ಹೇಳುತ್ತಾನೆಂಬ ಕುತೂಹಲಕ್ಕೆ. ನಮ್ಮೂರಿನಲ್ಲಿ ರಾತ್ರಿ 11ರ ಮೇಲೆ ಹೊರಗಿರುವುದು ಕಪ್ಪೆಗಳು, ನಾಯಿಗಳು, ಚುನಾವಣೆ ಬಂದಾಗ ಅಭ್ಯರ್ಥಿಗಳು. ಮೊದಲ ಎರಡಕ್ಕೆ ಕರ್ಫ್ಯೂ ಅನ್ವಯಿಸುತ್ತಿರಲಿಲ್ಲ. ತಮಟೆಯವನು ಮೂರು ಸಲದ ಕೂಲಿ ಕೇಳಿದ್ದಕ್ಕೆ, ಕರ್ಫ್ಯೂ ಜಾರಿಯಾಗಿಲ್ಲವಾದ್ದರಿಂದ ಸಾರಿದ್ದನ್ನು ಸಾರಿದಂತೆ ಪರಿಗಣಿಸಲಾಗದು ಎಂದರಂತೆ.

ಮಾಸ್ಕಿನ ದಂಡದ ವಿಷಯದಲ್ಲಿ ಮಾತ್ರ ಹಳ್ಳಿಗೆ ನ್ಯಾಯ ಸಿಕ್ಕಿತು. ಅಕ್ಟೋಬರ್ ಆರಂಭದಲ್ಲಿ ನಗರದಲ್ಲಿ 1,000 ರೂಪಾಯಿ, ಹಳ್ಳಿಯಲ್ಲಿ 500 ಎಂದು ಏರಿಸಿದರು. ಜನ ರೇಗಿದ ಮೇಲೆ ವಾರದೊಳಗೆ 250 ಮತ್ತು 100ಕ್ಕೆ ಇಳಿಸಿದರು. ಏರಿಸಿದಾಗಲೂ ಇಳಿಸಿದಾಗಲೂ ನಮ್ಮ ಮೂಗು ಬೆಂಗಳೂರಿನ ಮೂಗಿಗಿಂತ ಅಗ್ಗವೇ ಆಗಿತ್ತು.

ರಿಜಿಸ್ಟರಿನಲ್ಲಿ 2021ರ ಮೇ ತಿಂಗಳ ಹಾಳೆಗಳು ಖಾಲಿ. ಕಚೇರಿಯಲ್ಲಿದ್ದ ಐವರಲ್ಲಿ ನಾಲ್ವರು ಮಲಗಿದ್ದರು. ಆ ತಿಂಗಳ ಬಗ್ಗೆ ನನಗೂ ಹೆಚ್ಚು ಬರೆಯಲು ಕೈ ಬರುವುದಿಲ್ಲ. ಬೆಳಿಗ್ಗೆ 6ರಿಂದ 10ರೊಳಗೆ ದಿನಸಿ ತರಬೇಕು, ವಾಹನ ಬೇಡ, ನಡೆದೇ ಹೋಗಬೇಕು ಎಂದರು; ಆಮೇಲೆ ಹತ್ತಿರದ ಅಂಗಡಿಗಾದರೆ ವಾಹನವಾದೀತು ಎಂದರು. ಪ್ರತಿ ಪಂಚಾಯಿತಿಗೆ 50,000 ರೂಪಾಯಿ ಘೋಷಣೆಯಾಯಿತು, ಕಾರ್ಯಪಡೆ ರಚನೆಯಾಯಿತು, ಕಾರ್ಯಪಡೆಗೊಂದು ಫ್ಲೆಕ್ಸ್ ಆಯಿತು. ಫ್ಲೆಕ್ಸಿನಲ್ಲಿ ಅಧ್ಯಕ್ಷರು, ಉಪಾಧ್ಯಕ್ಷರು, ಪಿಡಿಒ, ಸದಸ್ಯರು, ಸದಸ್ಯೆಯರ ಗಂಡಂದಿರು ಆಕ್ಸಿಮೀಟರ್ ಹಿಡಿದು ನಿಂತಿದ್ದಾರೆ. ಮನೆಮನೆಗೆ ತಿರುಗಿ ಅದೇ ಆಕ್ಸಿಮೀಟರನ್ನು ಬೆರಳುಗಳಿಗೆ ಹಾಕುತ್ತಿದ್ದ ಆಶಾ ಕಾರ್ಯಕರ್ತೆ ಮಾತ್ರ ಚಿತ್ರದಲ್ಲಿಲ್ಲ. ಏಕೆಂದರೆ ಮೊಬೈಲ್ ಹಿಡಿದು ಚಿತ್ರ ತೆಗೆದವಳು ಅವಳೇ. ಹಿಂದಿನ ಜುಲೈನಲ್ಲಿ ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಿದ್ದರು. ಅವರ ಮೇಲೆ ಹೂಮಳೆ ಸುರಿಸಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಹೂವು ಕೊಟ್ಟ ಮೇಲೂ ದುಡ್ಡು ಕೇಳುತ್ತಾರಲ್ಲ ಎಂದು ನಮ್ಮೂರಿನ ಕಟ್ಟೆಯಲ್ಲೂ ಬೇಸರಪಟ್ಟರು.

‘ಸ್ವೀಕರಿಸಿದವರ ಸಹಿಗೆ ಏನು ಬರೆಯಲಿ?’ ಬಿಲ್ ಕಲೆಕ್ಟರ್ ಮತ್ತೆ ಕೇಳಿದರು.

ಸಾಂಕ್ರಾಮಿಕವು ವಿಳಾಸ ಬಿಟ್ಟು ಹೋಗಿರುವುದರಿಂದ ಸಹಿ ಪಡೆಯಲಾಗಿಲ್ಲ ಎಂದು ಬರೆಯಿರಿ ಎಂದೆ. ಅವರು ಪೆನ್ನು ಎತ್ತಿ ನಿಜವಾಗಿಯೂ ಯೋಚಿಸಿದರು.

ಅಷ್ಟರಲ್ಲಿ ವಾಟರ್‌ಮನ್ ಒಳಗೆ ಬಂದ. ನಾಲ್ಕು ತಿಂಗಳ ಸಂಬಳ ಬಾಕಿಯಿತ್ತು, ಅದನ್ನು ಕೇಳಲು. ಸ್ವಂತ ಕಚೇರಿಯಾದರೂ ಸಂಬಳ ಕೇಳಲು ಬಂದವನು ಸಾರ್ವಜನಿಕನೇ ಆದ್ದರಿಂದ ಅವನೂ ರಿಜಿಸ್ಟರಿನಲ್ಲಿ ಬರೆಯಬೇಕು. ನನ್ನ ಭುಜದ ಮೇಲಿಂದ ಬಗ್ಗಿ ನೋಡಿದವನು ತೆರೆದಿದ್ದ ಮೊದಲ ಹಾಳೆಯ ಮೇಲೆ ಬೆರಳಿಟ್ಟ.

‘ಇದು ನನ್ನದು ಸಾರ್. ಯಂತ್ರ ಬಂದ ದಿನ ಕೆಲಸ ಮಾಡುತ್ತದೆಯೇ ಎಂದು ನನ್ನ ಹಣೆಗೇ ಹಿಡಿದು ನೋಡಿದರು.’

97.8. ಹಾಳೆ ಮಗುಚಿದೆ. ಅಧ್ಯಕ್ಷರದು, ಪಿಡಿಒ ಅವರದು, ತಪಾಸಣೆಗೆ ಬಂದ ತಾಲ್ಲೂಕು ಪಂಚಾಯಿತಿ ಅಧಿಕಾರಿಯದು, ಕಳೆದ ವಾರ ಬಂದ ಆಡಿಟರದು, ಎಲ್ಲವೂ ಅವನದೇ.

ಬಿಲ್ ಕಲೆಕ್ಟರ್ ನನ್ನ ಸಾಲನ್ನು ತೋರಿಸಿದರು. ‘ಕಾಲಂ ಖಾಲಿ ಬಿಡಬೇಡಿ ಸಾರ್, ಆಮೇಲೆ ಅದಕ್ಕೂ ಆಕ್ಷೇಪಣೆ ಹಾಕುತ್ತಾರೆ.’

‘ಮೇಲಿನಂತೆ’ ಎಂದು ಬರೆದು ಪೆನ್ನನ್ನು ವಾಟರ್‌ಮನ್‌ಗೆ ಕೊಟ್ಟೆ. ಅವನು ನನ್ನ ಕೆಳಗೆ ತನ್ನ ಹೆಸರು ಬರೆದ, ಊರು ಬರೆದ, ಉದ್ದೇಶ ‘ಸಂಬಳ’ ಎಂದು ಬರೆದ. ಉಷ್ಣಾಂಶದ ಕಾಲಂನಲ್ಲಿ ಒಂದು ಗಳಿಗೆ ಪೆನ್ನು ನಿಂತಿತು. ಆಮೇಲೆ ಅವನೂ ಮೇಲಿನಂತೆ ಎಂದು ಬರೆದ.