ಹಾಸಿಗೆ ಇದ್ದಷ್ಟು ಸಂಭಾವನೆ

ಜನರಲ್ ಸರ್ಜನ್ ಒಬ್ಬರ ಸಂಪಾದನೆ ಎಷ್ಟಿರುತ್ತದೆ ಎಂಬ ಪ್ರಶ್ನೆಯನ್ನು ಪಿಯುಸಿ ಮಕ್ಕಳ ಪೋಷಕರೂ, ಹೆಣ್ಣು ಕೊಡುವವರೂ, ಸಾಲ ಕೊಡುವ ಬ್ಯಾಂಕಿನವರೂ ಸಮಾನ ಗಾಂಭೀರ್ಯದಿಂದ ಕೇಳುತ್ತಾರೆ. ಐದೂವರೆ ವರ್ಷದ ಎಂಬಿಬಿಎಸ್, ಅದರ ಮೇಲೆ ಮೂರು ವರ್ಷದ ಎಂಎಸ್ ಮುಗಿಸಿ ಬಂದವರ ಆದಾಯವನ್ನು ಅವರ ಕೈಚಳಕ, ಅನುಭವ, ನಡುರಾತ್ರಿ ಕರೆ ಬಂದರೆ ಎದ್ದು ಬರುವ ಗುಣ ಇವೇ ನಿರ್ಧರಿಸುತ್ತವೆ ಎಂದು ಈ ಮುಗ್ಧರೆಲ್ಲ ನಂಬಿದ್ದಾರೆ. ಅವರು ಖಾಸಗಿ ಆಸ್ಪತ್ರೆಯೊಂದರ ದರಪಟ್ಟಿಯನ್ನು ಒಮ್ಮೆ ಓದಬೇಕು. ದರಗಳು ರೋಗಿಗಳ ಕಣ್ಣಿಗೆ ಬೀಳುವಂತಿರಬೇಕೆಂದು ನಮ್ಮ ರಾಜ್ಯದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೇ ಹೇಳಿರುವುದರಿಂದ ಇದು ಗುಟ್ಟಿನ ವಿದ್ಯೆಯೇನೂ ಅಲ್ಲ.

ಅನೇಕ ಆಸ್ಪತ್ರೆಗಳ ಆ ಪಟ್ಟಿಯಲ್ಲಿ ಅಪೆಂಡಿಕ್ಸ್ ತೆಗೆಯುವ ಕೆಲಸಕ್ಕೆ ಒಂದು ದರವಿರುವುದಿಲ್ಲ. ಜನರಲ್ ವಾರ್ಡಿನ ಅಪೆಂಡಿಕ್ಸ್‌ಗೆ ಒಂದು ದರ, ಸೆಮಿ ಪ್ರೈವೇಟ್ ಅಪೆಂಡಿಕ್ಸ್‌ಗೆ ಇನ್ನೊಂದು, ಪ್ರೈವೇಟಿಗೆ ಮತ್ತೊಂದು, ಡೀಲಕ್ಸ್ ಅಪೆಂಡಿಕ್ಸ್‌ಗಂತೂ ರಾಜಮರ್ಯಾದೆಯ ದರ. ಸೋಫಾ, ಟಿವಿ, ಕಿಟಕಿಯಾಚೆಯ ಮರ ಇವಕ್ಕಾಗಿ ಬಾಡಿಗೆ ಹೆಚ್ಚಿದರೆ ಯಾರೂ ಬೇಸರಪಡುವುದಿಲ್ಲ. ಆದರೆ ಸೋಫಾ ಬಂದೊಡನೆ ಸರ್ಜನ್ನರ ಶುಲ್ಕವೂ ಏರುತ್ತದೆ ಎಂಬಲ್ಲಿ ಓದುಗನಿಗೆ ಅರಿವಳಿಕೆಯಿಲ್ಲದೆಯೇ ತಲೆ ತಿರುಗುತ್ತದೆ. ಶಸ್ತ್ರಚಿಕಿತ್ಸೆ ನಡೆಯುವುದು ಆ ಕೋಣೆಯಲ್ಲಲ್ಲ. ನಾಲ್ಕೂ ದರ್ಜೆಯವರು ಅದೇ ಹಸಿರು ಬಟ್ಟೆ ಹೊದ್ದು, ಅದೇ ಆಪರೇಷನ್ ಥಿಯೇಟರಿನ (ಓಟಿ) ಅದೇ ಮೇಜಿನ ಮೇಲೆ, ಅದೇ ದೀಪದ ಕೆಳಗೆ ಎಚ್ಚರವಿಲ್ಲದೆ ಮಲಗಿರುತ್ತಾರೆ. ಹೋಟೆಲಿನ ಎಸಿ ಹಾಲ್‌ನಲ್ಲಿ ದೋಸೆಗೆ ಹೆಚ್ಚು ತೆತ್ತವನು ಕನಿಷ್ಠ ಆ ತಂಪಿನಲ್ಲಿ ಕುಳಿತೇ ಅದನ್ನು ತಿಂದಿರುತ್ತಾನೆ.

ಸೋಫಾದ ಪ್ರಭಾವ ಅಷ್ಟಕ್ಕೇ ನಿಲ್ಲುವುದಿಲ್ಲ. ಎಷ್ಟೋ ಕಡೆ ಅರಿವಳಿಕೆ ತಜ್ಞರ ಶುಲ್ಕವನ್ನೂ ಓಟಿ ಬಾಡಿಗೆಯನ್ನೂ ಸರ್ಜನ್ ಶುಲ್ಕದ ಶೇಕಡಾ ಇಂತಿಷ್ಟೆಂದು ಲೆಕ್ಕ ಹಾಕುವುದರಿಂದ, ಒಂದು ಪೀಠೋಪಕರಣದ ಮೇಲೆ ಮೂರು ಬಾಬ್ತುಗಳು ಒಟ್ಟಿಗೆ ಎದ್ದು ನಿಲ್ಲುತ್ತವೆ. ಉಳ್ಳವರಿಂದ ಹೆಚ್ಚು ಪಡೆದು ಇಲ್ಲದವರಿಗೆ ಕಡಿಮೆ ಮಾಡುವ ನ್ಯಾಯ ಇದು ಎಂದು ಆಡಳಿತ ಮಂಡಳಿಯವರು ವಿವರಿಸುತ್ತಾರೆ, ಮತ್ತು ಆ ಮಾತಿನಲ್ಲಿ ಸ್ವಲ್ಪ ಹುರುಳೂ ಇದೆ. ಆದರೆ ಆ ರಾತ್ರಿ ಜನರಲ್ ವಾರ್ಡು ಭರ್ತಿಯಾಗಿದ್ದ ಕಾರಣಕ್ಕೆ ಪ್ರೈವೇಟ್ ಕೋಣೆ ಸೇರಿದ ಗುಮಾಸ್ತರೊಬ್ಬರು ಬೆಳಗಾಗುವುದರೊಳಗೆ ಉಳ್ಳವರಾಗಿಬಿಡುವ ಪವಾಡವನ್ನು ಅವರು ವಿವರಿಸುವುದಿಲ್ಲ.

ಈ ಪವಾಡಕ್ಕೆ ವಿಮಾ ಕಂಪನಿಗಳು ಶಾಸ್ತ್ರೀಯ ರೂಪ ಕೊಟ್ಟಿವೆ. ಐದು ಲಕ್ಷದ ಪಾಲಿಸಿಯಲ್ಲಿ ದಿನದ ಕೋಣೆ ಬಾಡಿಗೆಯ ಮಿತಿ ಶೇ. 1, ಅಂದರೆ ₹5,000 ಎಂದಿಟ್ಟುಕೊಳ್ಳೋಣ. ಪಾಲಿಸಿದಾರರು ₹10,000ದ ಕೋಣೆ ಹಿಡಿದರೆ, ಕಂಪನಿಯು ಬಾಡಿಗೆಯ ಅರ್ಧವನ್ನು ಮಾತ್ರವಲ್ಲ, ಸರ್ಜನ್ ಶುಲ್ಕದ ಅರ್ಧವನ್ನೂ ಅದೇ ಅನುಪಾತದಲ್ಲಿ ಕಡಿತಗೊಳಿಸಿ, ಆ ಕಡಿತದ ಮೊತ್ತವನ್ನು ರೋಗಿಯೇ ಭರಿಸಲಿ ಎನ್ನಬಹುದು. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ವೆಚ್ಚಕ್ಕೆ ಈ ಅನುಪಾತದ ಕತ್ತರಿ ತಾಗಬಾರದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2020ರಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ ಹರ್ನಿಯಾ ಆಪರೇಷನ್ನಿನಲ್ಲಿ ಒಳಗೆ ಹೊಲಿದ ಮೆಶ್ ಎಂಬ ಜಾಲರಿ ಪೂರ್ತಿ ಅವಶ್ಯಕ ವಸ್ತುವೆಂದೂ, ಅದನ್ನು ಹೊಲಿದ ಕೈಗಳಲ್ಲಿ ಒಂದು ಐಷಾರಾಮವೆಂದೂ ಲೆಕ್ಕ ಸಿಗುತ್ತದೆ. ಎಡಗೈಯೋ ಬಲಗೈಯೋ ಎಂಬುದನ್ನು ವಿಮಾ ಕಂಪನಿಯ ಪರವಾಗಿ ಬಿಲ್ಲು ಪರಿಶೀಲಿಸುವ ಟಿಪಿಎಯವರು ಇನ್ನೂ ತೀರ್ಮಾನಿಸಬೇಕಾಗಿದೆ.

ಇಷ್ಟೆಲ್ಲ ಏರಿದ ಹಣ ನೇರ ಸರ್ಜನ್ನರ ಮನೆ ಸೇರುತ್ತದೆ ಎಂದುಕೊಳ್ಳುವುದೂ ಮುಗ್ಧತೆಯೇ. ದೊಡ್ಡ ಆಸ್ಪತ್ರೆಯಲ್ಲಿ ಅವರು ಬಹುಮಟ್ಟಿಗೆ ನೌಕರರಲ್ಲ, ಕನ್ಸಲ್ಟೆಂಟ್. ಅವರಿಗೆ ಸಿಗುವುದು ಸಂಬಳವಲ್ಲ, ಶೇ. 10ರ ಟಿಡಿಎಸ್ ಮುರಿದುಕೊಂಡ ವೃತ್ತಿ ಶುಲ್ಕ. ಮೊದಲ ಒಂದೆರಡು ವರ್ಷ ಮಿನಿಮಮ್ ಗ್ಯಾರಂಟಿ ಎಂಬ ಜೋಗುಳವಿರುತ್ತದೆ. ಅದು ಮುಗಿದ ಮೇಲೆ ತಂದುಕೊಟ್ಟ ಆದಾಯದಲ್ಲಿ ಪಾಲು. ಕೇಸು ಕಳಿಸಿದವರಿಗೆ ಕಮಿಷನ್ ಕೊಡುವುದನ್ನು ವೈದ್ಯಕೀಯ ಪರಿಷತ್ತಿನ 2002ರ ನೀತಿ ನಿಯಮಗಳು ನಿಷೇಧಿಸಿವೆ, ಆದ್ದರಿಂದ ಅದನ್ನು ಈಗ ಯಾರೂ ಕಮಿಷನ್ ಎಂದು ಕರೆಯುವುದಿಲ್ಲ. ಇನ್ನು ಬೆಂಗಳೂರಿನಂಥ ಊರಿನಲ್ಲಿ ಪಿತ್ತಕೋಶವನ್ನು ಗ್ಯಾಸ್ಟ್ರೋ ಸರ್ಜನ್ನರೂ, ಕಾಲಿನ ಉಬ್ಬಿದ ರಕ್ತನಾಳಗಳನ್ನು ವ್ಯಾಸ್ಕ್ಯುಲರ್ ಸರ್ಜನ್ನರೂ ಒಯ್ದ ಮೇಲೆ, ಇನ್ನೂ ಮೂರು ವರ್ಷ ಎಂಸಿಎಚ್ ಎಂಬ ಸೂಪರ್ ಸ್ಪೆಷಾಲಿಟಿ ಪದವಿ ಓದದ ತಪ್ಪಿಗೆ ಜನರಲ್ ಸರ್ಜನ್ನರ ಪಾಲಿಗೆ ಮೂಲವ್ಯಾಧಿಯೂ ಕೀವುಗಡ್ಡೆಯೂ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣೂ ಉಳಿಯುತ್ತವೆ. ಇವರೆಲ್ಲ ಡೀಲಕ್ಸ್ ಕೋಣೆ ಕೇಳುವ ರೋಗಿಗಳಲ್ಲ ಎಂಬುದು ಪ್ರತ್ಯೇಕ ದುಃಖ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಕಾರ್ಡು ಹಿಡಿದು ಬಂದವರಲ್ಲಿ ಈ ಕೋಣೆಯ ಜಂಜಾಟವಿಲ್ಲ, ಏಕೆಂದರೆ ಅಲ್ಲಿ ಹಾಸಿಗೆ, ಊಟ, ಮದ್ದು, ಪರೀಕ್ಷೆ, ಅರಿವಳಿಕೆ, ಸರ್ಜನ್ ಎಲ್ಲವೂ ಒಂದೇ ಪ್ಯಾಕೇಜಿನ ಗಂಟು. ಮಿಕ್ಕವರೆಲ್ಲ ತಮ್ಮ ಪಾಲು ತೆಗೆದುಕೊಂಡ ಮೇಲೆ ಗಂಟಿನ ತಳದಲ್ಲಿ ಏನಾದರೂ ಇದ್ದರೆ ಅದು ಶಸ್ತ್ರಕ್ಕೆ ಸಂದ ಗೌರವ.

ಬೆಲೆ ಕಟ್ಟುವ ಈ ಕೌಶಲ ಬೇರೆಡೆ ಇಷ್ಟು ಪರಿಷ್ಕೃತವಾಗಿರುವಾಗ ಸರ್ಕಾರ ಹಿಂದೆ ಬೀಳಲು ಹೇಗೆ ಸಾಧ್ಯ? ಹಳ್ಳಿಗಾಡಿಗೆ ತಜ್ಞರು ಬರುವುದಿಲ್ಲವೆಂದು ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ರಾಜ್ಯಗಳಿಗೆ ‘ಯೂ ಕೋಟ್, ವೀ ಪೇ’ ಎಂಬ ಮಾರ್ಗವನ್ನು ತೆರೆದಿಡಲಾಗಿದೆ: ಎಷ್ಟು ಬೇಕೆಂದು ನೀವೇ ಹೇಳಿ, ನಾವು ಕೊಡುತ್ತೇವೆ. ಚರಂಡಿ ಕಾಮಗಾರಿಯಲ್ಲಿ ಕಡಿಮೆ ದರ ಕೂಗಿದವರಿಗೆ ಕೆಲಸ ಕೊಟ್ಟು ಪಳಗಿದ ವ್ಯವಸ್ಥೆ ಇಲ್ಲಿ ಕೊಂಚ ನಾಚಿಕೊಂಡೇ ಬೆಲೆ ಕೇಳುತ್ತದೆ. ಹೀಗೆ ದರ ಕುದುರಿ ಸರ್ಜನ್ನರು ತಾಲ್ಲೂಕಿಗೆ ಬಂದೇಬಿಟ್ಟರು ಎನ್ನೋಣ. ಅಲ್ಲಿ ಅರಿವಳಿಕೆ ತಜ್ಞರ ಹುದ್ದೆ ಖಾಲಿ. ಪ್ರಜ್ಞೆ ತಪ್ಪಿಸುವವರಿಲ್ಲದೆ ಹೊಟ್ಟೆ ಕೊಯ್ಯುವಂತಿಲ್ಲವಾದ್ದರಿಂದ, ರಾಜ್ಯದ ದುಬಾರಿ ಗುತ್ತಿಗೆಯ ಸರ್ಜನ್ನರು ಗಾಯಕ್ಕೆ ಹೊಲಿಗೆ ಹಾಕುತ್ತ, ಮಿಕ್ಕ ರೋಗಿಗಳಿಗೆಲ್ಲ ಜಿಲ್ಲಾಸ್ಪತ್ರೆಗೆ ಚೀಟಿ ಬರೆಯುತ್ತ ಕುಳಿತಿರುತ್ತಾರೆ. ಅರಿವಳಿಕೆ ತಜ್ಞರಿಗೂ ಬೆಲೆ ಕೇಳಿ ಜಾಹೀರಾತು ಹೊರಡುತ್ತದೆ; ಇಬ್ಬರ ಗುತ್ತಿಗೆ ಅವಧಿಗಳು ಒಂದೇ ವರ್ಷದಲ್ಲಿ ಕೂಡಿಬಂದರೆ ಆ ತಾಲ್ಲೂಕಿನಲ್ಲಿ ಒಂದು ಹರ್ನಿಯಾ ಆಪರೇಷನ್ ನಡೆಯಲೂಬಹುದು.