ಮುರಗಾಂವ್ ಬಂದರು 1961ರ ನಂತರ ಕಟ್ಟಿದ್ದೇ?

'ಗೋವಾ ವಿಮೋಚನೆಗೆ ಮುನ್ನ ಮುರಗಾಂವ್‌ನಲ್ಲಿ ಮೀನುಗಾರರ ದೋಣಿಗಳಷ್ಟೇ ನಿಲ್ಲುತ್ತಿದ್ದವು, ಬಂದರನ್ನು ಕಟ್ಟಿದ್ದು 1961ರ ನಂತರ' ಎಂಬ ಸಂದೇಶ ಬೆಳಗಾವಿಯ ಹಲವು ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

1878ರಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಮಾಡಿಕೊಂಡ ಒಪ್ಪಂದದ ಬೆನ್ನಿಗೇ, 1880ರ ದಶಕದಲ್ಲಿ, ಈ ಬಂದರೂ ಅದನ್ನು ಘಟ್ಟದ ಮೇಲಿನ ನಾಡಿಗೆ ಜೋಡಿಸುವ ಮೀಟರ್ ಗೇಜ್ ರೈಲುಮಾರ್ಗವೂ ಒಂದೇ ಯೋಜನೆಯ ಎರಡು ಭಾಗಗಳಾಗಿ ರೂಪುಗೊಂಡವು. ನಮ್ಮ ಖಾನಾಪುರ ತಾಲ್ಲೂಕಿನ ಲೋಂಡಾ ಜಂಕ್ಷನ್ ಆದದ್ದೂ ಈ ಮಾರ್ಗದಿಂದಲೇ ಎಂಬುದನ್ನು ಬೆಳಗಾವಿಯವರಾದ ನಾವು ಮರೆಯಬಾರದು. ಕ್ಯಾಸಲ್‌ರಾಕ್‌ನಿಂದ ಕುಳೆಂವರೆಗಿನ ಘಟ್ಟದಲ್ಲಿ ಹಳಿ ಸುಮಾರು 37 ಅಡಿಗೆ 1 ಅಡಿಯಂತೆ ಇಳಿಯುತ್ತದೆ. ಇಂದಿಗೂ ಅಲ್ಲಿ ರೈಲುಗಳಿಗೆ ಹೆಚ್ಚುವರಿ ಎಂಜಿನ್ ಕಟ್ಟುವುದನ್ನು ನೋಡಬಹುದು. ಬರಿಯ ಮೀನುದೋಣಿಗಳಿಗಾಗಿ ಯಾರೂ ಇಂಥ ದಾರಿ ಕೊರೆಯುತ್ತಿರಲಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ 'ಎಹ್ರೆನ್‌ಫೆಲ್ಸ್' ಸರಕು ಹಡಗು ಆಶ್ರಯ ಪಡೆದು, 1943ರಲ್ಲಿ ಮುಳುಗಿದ್ದೂ ಇಲ್ಲಿಯೇ. 1950ರ ದಶಕದಲ್ಲಿ ಗೋವಾದ ಕಬ್ಬಿಣದ ಅದಿರು ಜಪಾನಿಗೆ ಹೋಗತೊಡಗಿದಾಗ ವಹಿವಾಟು ಬಹಳ ಬೆಳೆಯಿತು.

ತಪ್ಪು ಕಲ್ಪನೆಗೆ ಒಂದು ಕಾರಣ ಇರಬಹುದೆಂದು ನನಗನ್ನಿಸುತ್ತದೆ: 1955ರಲ್ಲಿ ಭಾರತ ಹೇರಿದ ದಿಗ್ಬಂಧನದಿಂದ ರೈಲು ಸಂಪರ್ಕ ನಿಂತುಹೋಗಿ, ವಿಮೋಚನೆಯ ನಂತರವಷ್ಟೇ ಮರಳಿತು. ಹೀಗಾಗಿ ಘಟ್ಟದ ಮೇಲಿನವರಿಗೆ ಬಂದರು ಹೊಸದಾಗಿ ಹುಟ್ಟಿದಂತೆ ಕಂಡಿರಬೇಕು. 1960ರ ದಶಕದಲ್ಲಿ ಅದಕ್ಕೆ ದೊರೆತದ್ದು ದೇಶದ ಪ್ರಮುಖ ಬಂದರುಗಳಲ್ಲೊಂದೆಂಬ ಮಾನ್ಯತೆ.